ಫಸಲು ಬರುವ ಮೊದಲೇ ಗಂಟುಮೂಟೆ ಕಟ್ಟುವ ನೆರವು

ಕಾಫಿ ಗಿಡ ನೆಟ್ಟವರಿಗೆ ಒಂದು ಲೆಕ್ಕ ಬಾಯಿಪಾಠ. ಅರೇಬಿಕಾ ಸಸಿ ಇಟ್ಟರೆ ಮೂರನೇ ವರ್ಷ ಅಲ್ಲೊಂದು ಇಲ್ಲೊಂದು ಹಣ್ಣು, ನಾಲ್ಕನೇ ವರ್ಷ ಕೊಯ್ಲು ಎನ್ನಬಹುದಾದಷ್ಟು, ಪೂರ್ತಿ ಫಸಲಿಗೆ ಆರೇಳು ವರ್ಷ. ನಡುವೆ ಒಂದು ವರ್ಷ ಹೂಮಳೆ ಕೈಕೊಟ್ಟರೆ, ಕಾಂಡ ಕೊರೆಯುವ ಬೋರರ್ ಹುಳು ಹತ್ತಿದರೆ ಲೆಕ್ಕ ಮತ್ತೆ ಹಿಂದಕ್ಕೆ. ನೆರಳಿಗೆಂದು ಇಟ್ಟ ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿ ಕೈಗೆ ಕಾಸು ಸಿಗುವುದು ಇನ್ನೂ ಆಮೇಲಿನ ಮಾತು. ಚಿಕ್ಕಮಗಳೂರು, ಸಕಲೇಶಪುರದ ಕಡೆ ಮೂರು ವರ್ಷದಲ್ಲಿ ತೀರಿಸಬೇಕಾದ ಸಾಲ ನಂಬಿ ಯಾರೂ ಹೊಸ ತೋಟ ಮಾಡುವುದಿಲ್ಲ.

ಅಂತರ್ಯುದ್ಧ ಮುಗಿಸಿ ಎದ್ದು ನಿಲ್ಲುವ ದೇಶಗಳಿಗೆ ಹೊರಗಿನವರು ಕೊಡುವ ನೆರವಿನ ಲೆಕ್ಕವೇ ಬೇರೆ. ಒಪ್ಪಂದಕ್ಕೆ ಸಹಿ ಬಿದ್ದ ವಾರ ಕ್ಯಾಮೆರಾಗಳು ಇರುತ್ತವೆ. ದಾನಿ ದೇಶಗಳ ಸಭೆ ಸೇರುತ್ತದೆ, ದೊಡ್ಡ ದೊಡ್ಡ ಮೊತ್ತ ಘೋಷಣೆಯಾಗುತ್ತದೆ. ಆದರೆ ಹಣ ಹರಿಯುವ ಯೋಜನೆಗಳಿಗೆ ಸಾಮಾನ್ಯವಾಗಿ ಎರಡು, ಮೂರು, ಹೆಚ್ಚೆಂದರೆ ಐದು ವರ್ಷದ ಆಯಸ್ಸು. ಗಿಡ ಹಣ್ಣು ಬಿಡುವ ಹೊತ್ತಿಗೆ ನೆಡಲು ಬಂದವರು ಹೊರಟಿರುತ್ತಾರೆ. 2025ರಲ್ಲಂತೂ ಆ ಮೂರು ವರ್ಷವನ್ನೂ ಪೂರೈಸದೆ ಹಾರೆ ಗುದ್ದಲಿ ಅಲ್ಲೇ ಬಿಟ್ಟು ಹೋದರು.

ಆ ವರ್ಷದ ಜನವರಿ 20ರಂದು ಅಧಿಕಾರಕ್ಕೆ ಬಂದ ದಿನವೇ ಟ್ರಂಪ್ ವಿದೇಶಿ ನೆರವನ್ನು 90 ದಿನ ತಡೆಹಿಡಿಯುವ ಆದೇಶಕ್ಕೆ ಸಹಿ ಹಾಕಿದರು. ಮಾರ್ಚ್ ಹೊತ್ತಿಗೆ ಅಮೆರಿಕದ ವಿದೇಶಿ ನೆರವನ್ನು ಹಂಚುವ ಯುಎಸ್‌ಏಡ್ ಸಂಸ್ಥೆಯ ಶೇ 83ರಷ್ಟು ಕಾರ್ಯಕ್ರಮಗಳು ರದ್ದಾದವು. 1961ರಿಂದ ನಡೆದುಬಂದಿದ್ದ ಸಂಸ್ಥೆ ಜುಲೈ 1ಕ್ಕೆ ಬಾಗಿಲು ಹಾಕಿತು. ಅಮೆರಿಕವೊಂದನ್ನೇ ಬೈಯುವಂತೆಯೂ ಇಲ್ಲ. ಬ್ರಿಟನ್ ತನ್ನ ರಾಷ್ಟ್ರೀಯ ಆದಾಯದ ಶೇ 0.5ರಷ್ಟಿದ್ದ ನೆರವನ್ನು 2027ರೊಳಗೆ ಶೇ 0.3ಕ್ಕೆ ಇಳಿಸುವುದಾಗಿ ಹೇಳಿದೆ. ಉಳಿಸಿದ ಹಣ ರಕ್ಷಣಾ ವೆಚ್ಚಕ್ಕೆ. ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ ಲೆಕ್ಕದಂತೆ 2024ರಲ್ಲೇ ಅಧಿಕೃತ ನೆರವು ಶೇ 7.1ರಷ್ಟು ಇಳಿದು ಸುಮಾರು 212 ಶತಕೋಟಿ ಡಾಲರ್‌ಗೆ ಬಂದಿತ್ತು. ಅದೇ ವರ್ಷ ಜಗತ್ತಿನ ಸೇನಾ ವೆಚ್ಚ 2,718 ಶತಕೋಟಿ ಡಾಲರ್. ಅಕ್ಟೋಬರ್ 2025ರಲ್ಲಿ ವಿಶ್ವಸಂಸ್ಥೆ ಕೈಯಲ್ಲಿ ಕಾಸಿಲ್ಲವೆಂದು ತನ್ನ ಶಾಂತಿಪಾಲನಾ ಪಡೆಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಭಾಗವನ್ನು ವಾಪಸ್ ಕಳಿಸುವುದಾಗಿ ಪ್ರಕಟಿಸಿತು.

ಈ ಸುದ್ದಿಯನ್ನು ಕಣದ ಪಕ್ಕ ಕೂತು ಮಾತಾಡುವಾಗ ನೆರೆತೋಟದ ಗೌಡರು ಕೇಳಿದ್ದು ಇಷ್ಟು: "ಅಲ್ಲ ಮಾರಾಯ್ರೆ, ಅಮೆರಿಕದವ್ರು ಆಫ್ರಿಕಾಕ್ಕೆ ದುಡ್ಡು ನಿಲ್ಸಿದ್ರೆ ನಮಗೇನಾಗ್ಬೇಕು? ಅಲ್ಲಿ ಬೆಳೆ ಬಿದ್ರೆ ಇಲ್ಲಿ ರೇಟು ಏಳ್ತದೆ, ಅಷ್ಟೇ ತಾನೆ?"

ನಗಾಡಿ ತಳ್ಳಿಹಾಕುವ ಮಾತಲ್ಲ ಅದು. ವಿಯೆಟ್ನಾಂ ದೇಶ ಯುದ್ಧದಿಂದ ಚೇತರಿಸಿಕೊಂಡು ತನ್ನ ಮಧ್ಯ ಎತ್ತರಸೀಮೆಯಲ್ಲಿ ರೊಬಸ್ಟಾ ಕಾಫಿ ತುಂಬಿಸಿದ ಪರಿಣಾಮವನ್ನು ನಮ್ಮ ಜಿಲ್ಲೆಯವರು 2001–02ರಲ್ಲಿ ಉಂಡಿದ್ದಾರೆ. ಆಗ ಬೆಲೆ ಎಷ್ಟು ಬಿದ್ದಿತ್ತೆಂದರೆ ಹಣ್ಣು ಕೊಯ್ಯುವ ಕೂಲಿಯೂ ಹುಟ್ಟದೆ ಕೆಲವರು ಗಿಡದಲ್ಲೇ ಬಿಟ್ಟರು. ಒಂದು ದೇಶದ ಚೇತರಿಕೆ ಇನ್ನೊಂದು ದೇಶದ ಬೆಳೆಗಾರನಿಗೆ ಪೆಟ್ಟಾಗುವುದುಂಟು. ಗೌಡರ ಲೆಕ್ಕ ವ್ಯಾಪಾರದ ಮಟ್ಟಿಗೆ ಸರಿ. ಆದರೆ ಅದೇ ಕಾಫಿ ಬೆಲೆಯ ಕಥೆಯನ್ನು ಇನ್ನೂ ಹನ್ನೆರಡು ವರ್ಷ ಹಿಂದಕ್ಕೆ ಎಳೆದರೆ ಬೇರೆಯದೇ ಒಂದು ಸಂಗತಿ ಕಾಣುತ್ತದೆ.

1962ರಿಂದ ಅಂತರರಾಷ್ಟ್ರೀಯ ಕಾಫಿ ಒಪ್ಪಂದವೆಂಬುದೊಂದಿತ್ತು. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದೆಂದು ಕೋಟಾ ಹಂಚಿ ಬೆಲೆಯನ್ನು ಒಂದು ಮಟ್ಟದಲ್ಲಿ ಹಿಡಿದಿಡುವ ವ್ಯವಸ್ಥೆ. 1989ರ ಜುಲೈನಲ್ಲಿ ಆ ಕೋಟಾ ಕುಸಿಯಿತು. ಕೆಲವೇ ತಿಂಗಳಲ್ಲಿ ಜಗತ್ತಿನ ಕಾಫಿ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆಗ ನಮ್ಮಲ್ಲಿ ಕಾಫಿ ಬೋರ್ಡಿನ ಪೂಲ್ ಪದ್ಧತಿ ಇನ್ನೂ ನಡೆಯುತ್ತಿತ್ತು. ಬೆಳೆದದ್ದೆಲ್ಲ ಬೋರ್ಡಿಗೆ ಕೊಡಬೇಕು, ಹಣ ಕಂತುಕಂತಾಗಿ ಬರಬೇಕು. ಬೋರ್ಡನ್ನು ಬೈಯದ ಬೆಳೆಗಾರ ಆಗ ಇರಲಿಲ್ಲ. ಮೇಲಿಂದ ಸೋವಿಯತ್ ಒಕ್ಕೂಟವೆಂಬ ದೊಡ್ಡ ಗಿರಾಕಿಯೂ 1991ರಲ್ಲಿ ಮುಳುಗಿತು. ಆದರೂ ಬ್ಯಾಂಕು ಇತ್ತು, ಸಾಲದ ಮರುಹೊಂದಾಣಿಕೆ ಇತ್ತು, ದೆಹಲಿಗೆ ನಿಯೋಗ ಹೋಗುವ ದಾರಿ ಇತ್ತು, ಐದು ವರ್ಷಕ್ಕೊಮ್ಮೆ ಓಟು ಕೇಳಿಕೊಂಡು ಬರುವವರಿದ್ದರು. ಬೆಳೆಗಾರರ ಕೂಗಿನಿಂದಲೇ ಪೂಲ್ ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು.

ಅದೇ ಬೆಲೆ ಕುಸಿತ ಮಧ್ಯ ಆಫ್ರಿಕಾದ ಪುಟ್ಟ ಬೆಟ್ಟದ ದೇಶ ರುವಾಂಡಾದ ಮೇಲೂ ಬಿತ್ತು. ಅದರ ರಫ್ತು ಆದಾಯದ ಬಹುದೊಡ್ಡ ಪಾಲು ಕಾಫಿಯದೇ. ಸರ್ಕಾರದ ಬೊಕ್ಕಸ, ಸಣ್ಣ ಹಿಡುವಳಿದಾರರ ಮನೆಖರ್ಚು ಎರಡೂ ಒಟ್ಟಿಗೆ ಬತ್ತಿದವು. 1990ರ ಅಕ್ಟೋಬರ್ 1ರಂದು ಉಗಾಂಡಾದ ಗಡಿಯಿಂದ ಬಂಡುಕೋರ ಪಡೆ ಒಳನುಗ್ಗಿತು. ಯುದ್ಧದ ನಡುವೆಯೇ ಅಪಮೌಲ್ಯ, ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಷರತ್ತುಗಳು, ಹೊಟ್ಟೆಗಿಲ್ಲದ ನಿರುದ್ಯೋಗಿ ಹುಡುಗರು. 1994ರ ಏಪ್ರಿಲ್‌ನಿಂದ ಸುಮಾರು ನೂರು ದಿನಗಳಲ್ಲಿ ವಿಶ್ವಸಂಸ್ಥೆಯ ಅಂದಾಜಿನಂತೆ 8 ಲಕ್ಷ ಜನರನ್ನು, ಹೆಚ್ಚಿನಂಶ ಅಲ್ಪಸಂಖ್ಯಾತ ಟುಟ್ಸಿ ಜನಾಂಗದವರನ್ನು, ಕೊಂದುಹಾಕಲಾಯಿತು. ಕಾಫಿ ಬೆಲೆ ಬಿದ್ದದ್ದರಿಂದಲೇ ನರಮೇಧವಾಯಿತು ಎನ್ನುವುದು ಮೂರ್ಖತನ. ದಶಕಗಳಿಂದ ಬೆಳೆಸಿದ ಜನಾಂಗ ದ್ವೇಷ, ಅದನ್ನು ದಿನಬೆಳಗಾದರೆ ರೇಡಿಯೋದಲ್ಲಿ ಉಗುಳಿದ ನಾಯಕರು ಅದಕ್ಕೆ ಹೊಣೆ. ಆದರೆ ಒಂದೇ ಬೆಲೆಯ ಪೆಟ್ಟಿಗೆ ಇಲ್ಲಿ ಆದದ್ದು ಬೆಳೆಗಾರರ ಸಭೆ, ಮನವಿ, ಬೈಗುಳ. ಅಲ್ಲಿ ಪೆಟ್ಟನ್ನು ತಡೆಯಲು ನಡುವೆ ಏನೂ ಇರಲಿಲ್ಲ. ಬ್ಯಾಂಕು, ಮಂಡಳಿ, ನ್ಯಾಯಾಲಯ, ಸಂಘ ಇವೆಲ್ಲ ನೋಡಲು ನೀರಸ ಸಂಸ್ಥೆಗಳು. ಕೆಟ್ಟ ವರ್ಷವೊಂದು ಬಂದಾಗ ಅದನ್ನು ಜಗಳದ ಮಟ್ಟದಲ್ಲೇ ಹಿಡಿದಿಡುವುದು ಅವೇ.

ಚೇತರಿಕೆ ಎಂದರೆ ಇಂಥ ನೀರಸ ಸಂಸ್ಥೆಗಳನ್ನು ಮತ್ತೆ ಕಟ್ಟುವುದು ಎಂದು ಒಪ್ಪಿದರೆ, ಮುಂದಿನ ಪ್ರಶ್ನೆ ಎಷ್ಟು ವರ್ಷ ಹಿಡಿಯುತ್ತದೆ ಎಂಬುದು. ವಿಶ್ವಬ್ಯಾಂಕು 2011ರ ತನ್ನ ವಿಶ್ವ ಅಭಿವೃದ್ಧಿ ವರದಿಯಲ್ಲಿ ಇದಕ್ಕೆ ಲೆಕ್ಕ ಕೊಟ್ಟಿದೆ. ಇಪ್ಪತ್ತನೇ ಶತಮಾನದಲ್ಲಿ ಅತಿ ವೇಗವಾಗಿ ಸುಧಾರಿಸಿದ 20 ದೇಶಗಳನ್ನು ತೆಗೆದುಕೊಂಡರೂ, ಸೇನೆಯನ್ನು ರಾಜಕೀಯದಿಂದ ದೂರವಿಡಲು ಸರಾಸರಿ 17 ವರ್ಷ ಬೇಕಾಯಿತು. ಕೆಲಸ ಮಾಡುವ ಅಧಿಕಾರಿವರ್ಗ ರೂಪುಗೊಳ್ಳಲು 20 ವರ್ಷ. ಭ್ರಷ್ಟಾಚಾರವನ್ನು ಒಂದು ಹಂತಕ್ಕೆ ಹತೋಟಿಗೆ ತರಲು 27 ವರ್ಷ. (ಮೂರನೆಯದನ್ನು ಓದಿದಾಗ ನಮ್ಮದೇ ತಾಲ್ಲೂಕು ಕಚೇರಿ ನೆನಪಾಗಿ ನಗು ಬಂತು. 27 ವರ್ಷ ಕಡಿಮೆಯೇ ಇರಬೇಕು.)

ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ಹೆಚ್ಚು ಮುಖ್ಯವೆನಿಸುತ್ತದೆ. ಅರ್ಥಶಾಸ್ತ್ರಜ್ಞರಾದ ಪಾಲ್ ಕೋಲಿಯರ್ ಮತ್ತು ಆಂಕ ಹೋಫ್ಲರ್ 2004ರಲ್ಲಿ ಪ್ರಕಟಿಸಿದ್ದು. ಯುದ್ಧ ನಿಂತ ಮೊದಲ ಮೂರು ವರ್ಷ ಒಂದು ದೇಶಕ್ಕೆ ನೆರವನ್ನು ಅರಗಿಸಿಕೊಳ್ಳುವ ಶಕ್ತಿ ಬೇರೆ ಬಡ ದೇಶಗಳಿಗಿಂತ ಹೆಚ್ಚೇನೂ ಇರುವುದಿಲ್ಲ. ಗುಮಾಸ್ತರಿಲ್ಲ, ಲೆಕ್ಕವಿಲ್ಲ, ರಸ್ತೆಯಿಲ್ಲ. ಹಣ ಕೊಟ್ಟರೂ ಇಂಗಲು ಮಣ್ಣಿಲ್ಲ. ಆಮೇಲಿನ ವರ್ಷಗಳಲ್ಲಿ, ಅಂದರೆ ಆ ದಶಕದ ಉಳಿದ ಭಾಗದಲ್ಲಿ, ಅರಗಿಸಿಕೊಳ್ಳುವ ಶಕ್ತಿ ಸುಮಾರು ಎರಡರಷ್ಟಾಗುತ್ತದೆ. ಹಾಗಾಗಿ ನೆರವು ಸಣ್ಣದಾಗಿ ಶುರುವಾಗಿ ವರ್ಷದಿಂದ ವರ್ಷಕ್ಕೆ ಏರಬೇಕು. ನಿಜದಲ್ಲಿ ನಡೆದದ್ದು ತದ್ವಿರುದ್ಧ: ದಶಕ ಸಾಗಿದಂತೆ ನೆರವು ಕರಗುತ್ತ ಹೋಗಿದೆ. ಎಳೆಸಸಿಯ ಬುಡಕ್ಕೆ ಚೀಲಗಟ್ಟಲೆ ಗೊಬ್ಬರ ಸುರಿದು ಬೇರು ಸುಟ್ಟು, ಗಿಡ ಕಾಯಿ ಕಚ್ಚುವ ವರ್ಷ ಬರಿಗೈಯಲ್ಲಿ ನಿಂತಂತೆ.

ಬೇರು ಸುಟ್ಟದ್ದಕ್ಕೆ ಅಫ್ಘಾನಿಸ್ತಾನ ಸಾಕು. ಎರಡು ದಶಕದಲ್ಲಿ ಅಮೆರಿಕವೊಂದೇ ಪುನರ್ನಿರ್ಮಾಣದ ಹೆಸರಲ್ಲಿ ಸುಮಾರು 145 ಶತಕೋಟಿ ಡಾಲರ್ ತೆಗೆದಿರಿಸಿತು. 2021ರ ಆಗಸ್ಟ್ 15ರಂದು ಕಾಬೂಲ್ ಹೆಚ್ಚು ಗುಂಡು ಹಾರದೆಯೇ ತಾಲಿಬಾನಿಗಳ ಕೈಸೇರಿತು. ಅಲ್ಲಿ ಕೊರತೆ ಹಣದ್ದಾಗಿರಲಿಲ್ಲ. ನಾವು ಭಾರತೀಯರು ಕಟ್ಟಿಕೊಟ್ಟ ಹೆರಾತ್‌ನ ಸಲ್ಮಾ ಅಣೆಕಟ್ಟು, ಝರಂಜ್–ದೆಲಾರಾಮ್ ನಡುವಿನ 218 ಕಿಲೋಮೀಟರ್ ರಸ್ತೆ ಇವತ್ತಿಗೂ ಇವೆ. ಸಂಸತ್ ಭವನವೂ ಇದೆ, ಸಂಸತ್ತು ಇಲ್ಲ.

ಆಸ್ಟ್ರೇಲಿಯದ ಉತ್ತರಕ್ಕಿರುವ ಪುಟ್ಟ ದೇಶ ತಿಮೋರ್ ಲೆಸ್ತೆಯ ಕಥೆ ಇನ್ನೂ ಹತ್ತಿರದ್ದು. ಹತ್ತಿರದ್ದು ಎಂದರೆ ಅಕ್ಷರಶಃ ನಮ್ಮ ತೋಟದೊಳಗಿನದು.

ಕಳೆದ ಶತಮಾನದ ಮೊದಲ ಅರ್ಧದಲ್ಲಿ ತಿಮೋರ್ ದ್ವೀಪದ ಒಂದು ತೋಟದಲ್ಲಿ ಅರೇಬಿಕಾ ಮತ್ತು ರೊಬಸ್ಟಾ ತಾವಾಗಿಯೇ ಬೆರೆತು ಒಂದು ಗಿಡ ಹುಟ್ಟಿತು. ಎಲೆತುಕ್ಕು ರೋಗಕ್ಕೆ ಅದು ಬಗ್ಗಲಿಲ್ಲ. ‘ಹಿಬ್ರಿಡೊ ಡಿ ತಿಮೋರ್’ ಎಂದು ಹೆಸರಾದ ಆ ಗಿಡದ ವಂಶ ಜಗತ್ತಿನ ತಳಿ ಸಂಶೋಧನಾ ಕೇಂದ್ರಗಳಿಗೆಲ್ಲ ಹರಡಿತು. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೂ ಬಂತು. ನಮ್ಮಲ್ಲಿ ಕಾವೇರಿ ಎಂದು ಕರೆಯುವ ಕಟಿಮೋರ್, ಒಂಬತ್ತನೇ ಸೆಲೆಕ್ಷನ್, 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ, ಈ ಎಲ್ಲ ತಳಿಗಳ ರಕ್ತದಲ್ಲೂ ಆ ತಿಮೋರ್ ಗಿಡವಿದೆ. ಗೌಡರು ಹೋದ ಮಳೆಗಾಲದಲ್ಲಿ ಎರಡೆಕರೆಗೆ ಇಟ್ಟದ್ದು ಚಂದ್ರಗಿರಿಯೇ. ಅದಕ್ಕೂ ಹಿಂದೆ ಮೈಸೂರು ಸೀಮೆಯಲ್ಲಿ ಆರಿಸಿದ ಕೆಂಟ್ಸ್ ತಳಿ ಪೂರ್ವ ಆಫ್ರಿಕಾಕ್ಕೆ ಹೋಗಿ ಅಲ್ಲಿನ ತೋಟಗಳನ್ನು ತುಕ್ಕುರೋಗದಿಂದ ಕಾಯಲು ನೆರವಾಗಿತ್ತು. ಅಲ್ಲಿ ಬೆಳೆ ಬಿದ್ದರೆ ಇಲ್ಲಿ ಲಾಭ ಎಂಬ ಲೆಕ್ಕಕ್ಕೆ ಈ ಜಮೆ–ಖರ್ಚನ್ನೂ ಸೇರಿಸಿಕೊಳ್ಳಬೇಕು.

ಆ ತಿಮೋರ್‌ನ ಪೂರ್ವಾರ್ಧವನ್ನು ಪೋರ್ಚುಗೀಸರು ಬಿಟ್ಟುಹೋದ ಮೇಲೆ 1975ರಲ್ಲಿ ಇಂಡೋನೇಷ್ಯಾ ಆಕ್ರಮಿಸಿತು. 1999ರ ಆಗಸ್ಟ್‌ನಲ್ಲಿ ನಡೆದ ಜನಮತದಲ್ಲಿ ಶೇ 78.5 ಜನ ಸ್ವಾತಂತ್ರ್ಯಕ್ಕೆ ಓಟು ಹಾಕಿದರು. ಸಿಟ್ಟಿಗೆದ್ದ ಸಶಸ್ತ್ರ ಗುಂಪುಗಳು ಮನೆ, ಶಾಲೆ, ವಿದ್ಯುತ್ ಕಂಬಗಳನ್ನೆಲ್ಲ ಸುಟ್ಟು ಹೋದವು. ಆಮೇಲೆ ನಡೆದದ್ದು ಅಪರೂಪದ ಪ್ರಯೋಗ: ವಿಶ್ವಸಂಸ್ಥೆಯೇ ಒಂದು ದೇಶದ ಸರ್ಕಾರವಾಯಿತು. ಕಾನೂನು, ತೆರಿಗೆ, ಪೊಲೀಸು, ಪಾಸ್‌ಪೋರ್ಟು ಎಲ್ಲ ಅದರ ಕೈಯಲ್ಲಿ. 2002ರ ಮೇ 20ರಂದು ಸ್ವಾತಂತ್ರ್ಯ. 2005ರ ಮೇನಲ್ಲಿ ಶಾಂತಿಪಾಲನಾ ಪಡೆ ಕೆಲಸ ಮುಗಿಯಿತೆಂದು ಹೊರಟಿತು, ಸಣ್ಣ ಕಚೇರಿಯೊಂದು ಉಳಿಯಿತು. ಜಗತ್ತು ಇದನ್ನು ಯಶಸ್ಸಿನ ಪಟ್ಟಿಗೆ ಸೇರಿಸಿತು.

ಒಂದು ವರ್ಷ ತುಂಬಲಿಲ್ಲ. ಹೊಸ ಸೇನೆಯಲ್ಲಿ ದೇಶದ ಪಶ್ಚಿಮ ಜಿಲ್ಲೆಗಳವರಿಗೆ ತಾರತಮ್ಯ ಎಂಬ ದೂರು, ಮುಷ್ಕರ ಹೂಡಿದ ಸುಮಾರು 600 ಸೈನಿಕರ ವಜಾ, 2006ರ ಏಪ್ರಿಲ್–ಮೇನಲ್ಲಿ ರಾಜಧಾನಿ ದಿಲಿಯಲ್ಲಿ ಸೇನೆಯೂ ಪೊಲೀಸರೂ ಪರಸ್ಪರ ಗುಂಡು ಹಾರಿಸುವವರೆಗೆ ಹೋಯಿತು. ಸುಮಾರು ಒಂದೂವರೆ ಲಕ್ಷ ಜನ ಮನೆ ಬಿಟ್ಟರು. ಆಸ್ಟ್ರೇಲಿಯದ ಸೈನಿಕರು ಮತ್ತೆ ಬಂದರು, ವಿಶ್ವಸಂಸ್ಥೆ ಆಗಸ್ಟ್‌ನಲ್ಲಿ ಹೊಸ ಪಡೆ ಕಳಿಸಿತು. ಅದು ಹೊರಟದ್ದು 2012ರ ಡಿಸೆಂಬರ್ 31ಕ್ಕೆ. ಎಂದರೆ 2005ರಲ್ಲಿ ಉಳಿಸಿದೆವೆಂದುಕೊಂಡ ಖರ್ಚನ್ನು ಮತ್ತೆ ಆರು ವರ್ಷಕ್ಕೂ ಹೆಚ್ಚು ಕಾಲ ತೆತ್ತರು. ಸೇನೆ ಮತ್ತು ಪೊಲೀಸ್ ಎರಡಕ್ಕೂ ಸಮವಸ್ತ್ರ, ಬಂದೂಕು ಕೊಡುವುದು ಮೂರು ವರ್ಷದಲ್ಲಿ ಸಾಧ್ಯ. ಇಬ್ಬರ ನಡುವಿನ ತಕರಾರನ್ನು ಕಾಗದದ ಮೇಲೆ ಬಗೆಹರಿಸುವ ಅಭ್ಯಾಸ ಅಷ್ಟರಲ್ಲಿ ಹುಟ್ಟುವುದಿಲ್ಲ.

ಎರಡನೇ ಸುತ್ತಿನಲ್ಲಿ ತಿಮೋರ್ ಉಳಿದುಕೊಂಡದ್ದಕ್ಕೆ ಒಂದು ಕಾರಣ ಅದರದೇ ದುಡ್ಡು. ಸಮುದ್ರದಡಿಯ ಅನಿಲದ ಆದಾಯವನ್ನು ಕೂಡಿಡಲು 2005ರಲ್ಲೇ ಪೆಟ್ರೋಲಿಯಂ ನಿಧಿ ಮಾಡಿಕೊಂಡಿದ್ದರು. ಶಿಬಿರಗಳಲ್ಲಿದ್ದ ಕುಟುಂಬಗಳಿಗೆ ಮನೆ ಕಟ್ಟಿಕೊಂಡು ಹಿಂತಿರುಗಲು ಗರಿಷ್ಠ 4,500 ಡಾಲರ್ ನಗದು ಕೊಟ್ಟು ಶಿಬಿರ ಮುಚ್ಚಿದರು. ಕಾಸು ಕೊಟ್ಟು ಶಾಂತಿ ಕೊಂಡರೆಂದು ತಜ್ಞರು ಮೂಗು ಮುರಿದರು. ಕೊಂಡರೆ ಕೊಂಡರು, ಜನ ಮನೆಗೆ ಹೋದರು. 2025ರ ಅಕ್ಟೋಬರ್‌ನಲ್ಲಿ ಆಗ್ನೇಯ ಏಷ್ಯಾ ದೇಶಗಳ ಆಸಿಯಾನ್ ಕೂಟದ ಹನ್ನೊಂದನೇ ಸದಸ್ಯನಾಗಿ ತಿಮೋರ್ ಒಳಬಂತು. ಇನ್ನೊಂದು ಕಾರಣ ಯಾರೂ ಹೆಚ್ಚು ಹೇಳದ್ದು: 1994ರಲ್ಲೇ, ಇಂಡೋನೇಷ್ಯಾ ಆಡಳಿತದ ಕಾಲದಲ್ಲೇ, ಅಮೆರಿಕದ ಸಹಕಾರಿ ಒಕ್ಕೂಟವೊಂದರ ಬೆಂಬಲದಿಂದ ಅಲ್ಲಿ ಶುರುವಾದ ಕಾಫಿ ಬೆಳೆಗಾರರ ಸಹಕಾರ ಸಂಘ. ಸರ್ಕಾರಗಳು ಬದಲಾದರೂ ಅದು ಹಣ್ಣು ಕೊಳ್ಳುತ್ತ, ಹಳ್ಳಿಗಳಲ್ಲಿ ಕ್ಲಿನಿಕ್ಕು ನಡೆಸುತ್ತ ಇತ್ತು.

ರುವಾಂಡಾದಲ್ಲಿ ಫಲ ಕೊಟ್ಟದ್ದೂ ಇಂಥದೇ ನಿಧಾನದ ಕೆಲಸ. 2000ದ ಸುಮಾರಿಗೆ ಅಲ್ಲಿನ ಬೆಳೆಗಾರ ಹಣ್ಣನ್ನು ಮನೆಯಲ್ಲೇ ಕಲ್ಲಿನಿಂದ ಜಜ್ಜಿ ಸಿಪ್ಪೆ ಬಿಡಿಸಿ ಒಣಗಿಸಿ ಸಿಕ್ಕಿದ ರೇಟಿಗೆ ಮಾರುತ್ತಿದ್ದ. ನಮ್ಮಲ್ಲಿ ಸಣ್ಣ ತೋಟದಲ್ಲೂ ಇರುವ ಪಲ್ಪರ್, ಅಂದರೆ ಸಿಪ್ಪೆ ಬಿಡಿಸುವ ಯಂತ್ರ, ಅಲ್ಲಿ ಕಂಡವರೇ ಕಡಿಮೆ. ಅಮೆರಿಕದ ಎರಡು ವಿಶ್ವವಿದ್ಯಾಲಯಗಳು ರುವಾಂಡಾದ ವಿಶ್ವವಿದ್ಯಾಲಯದ ಜೊತೆ ಸೇರಿ ಯುಎಸ್‌ಏಡ್ ಹಣದಲ್ಲಿ ಮರಾಬಾ ಎಂಬ ಬೆಟ್ಟದೂರಿನ ಸಹಕಾರ ಸಂಘಕ್ಕೆ ಪಲ್ಪಿಂಗ್, ಹುಳಿ ಬರಿಸುವುದು, ತೊಳೆದು ಒಣಗಿಸಿ ಪಾರ್ಚ್‌ಮೆಂಟ್ (ಒಳಹೊಟ್ಟು ಸಹಿತದ ಬೀಜ) ಮಾಡುವುದನ್ನು ಕಲಿಸಿದವು. ಕಪ್ಪಿನಲ್ಲಿ ರುಚಿ ನೋಡುವ ಪರೀಕ್ಷಕರನ್ನು ಅಲ್ಲಿನವರಲ್ಲೇ ತಯಾರು ಮಾಡಿದವು. ಇಲ್ಲಿ ಗಮನಿಸಬೇಕಾದ್ದು ಅವಧಿ. ಮೊದಲ ಯೋಜನೆ ಐದು ವರ್ಷ, ಅದು ಮುಗಿದಾಗ ಎರಡನೆಯದು, ಬಹುಪಾಲು ಅದೇ ಜನ, ಅದೇ ಬೆಟ್ಟ, ಒಟ್ಟು ಹತ್ತು ವರ್ಷಕ್ಕೂ ಮೇಲೆ. ಹೀಗೆ ಹಣ್ಣು ಸಂಸ್ಕರಿಸುವ, ಬೆರಳೆಣಿಕೆಯಷ್ಟಿದ್ದ ವಾಷಿಂಗ್ ಸ್ಟೇಷನ್‌ಗಳು ಒಂದೂವರೆ ದಶಕದಲ್ಲಿ 200 ದಾಟಿದವು. ವಿಧವೆಯರು, ಜೈಲಿಗೆ ಹೋದವರ ಹೆಂಡಂದಿರು ಒಂದೇ ಕಟ್ಟೆಯ ಮೇಲೆ ಕೂತು ಬೀಜ ಆರಿಸಬೇಕಾಯಿತು. ಕ್ಷಮಿಸಿದರೋ ಇಲ್ಲವೋ, ಕೆಲಸ ನಡೆಯಬೇಕಿತ್ತು. (ಅಲ್ಲಿನ ಕಾಫಿಗೆ ಒಂದು ವಿಚಿತ್ರ ದೋಷವಿದೆ: ಒಂದು ಬಗೆಯ ತಿಗಣೆ ಕಚ್ಚಿದ ಬೀಜ ಕುದಿಸಿದರೆ ಹಸಿ ಆಲೂಗಡ್ಡೆಯ ವಾಸನೆ. ಹಾಸನದವರಿಗೆ ಅದು ದೋಷವೆನಿಸದಿರಬಹುದು.)

ರುವಾಂಡಾವನ್ನು ಮಾದರಿ ಎಂದು ತಲೆ ಮೇಲೆ ಹೊರುವ ಮೊದಲು ಇನ್ನೊಂದು ಮಗ್ಗುಲು ನೋಡಬೇಕು. 2024ರ ಚುನಾವಣೆಯಲ್ಲಿ ಅಧ್ಯಕ್ಷ ಕಗಾಮೆ ಶೇ 99ಕ್ಕೂ ಹೆಚ್ಚು ಮತ ಪಡೆದರು. ಅಷ್ಟು ಮತ ಬೀಳುವ ಊರಲ್ಲಿ ವಿರೋಧಿಯ ಪಾಡೇನೆಂದು ಊಹಿಸಬಹುದು. 2025ರ ಜನವರಿಯಲ್ಲಿ ಪಕ್ಕದ ಕಾಂಗೋದ ಗೋಮಾ ನಗರವನ್ನು ಹಿಡಿದ ಎಂ23 ಬಂಡುಕೋರರಿಗೆ ರುವಾಂಡಾ ಸೇನೆಯ ಬೆಂಬಲವಿದೆಯೆಂದು ವಿಶ್ವಸಂಸ್ಥೆಯ ತಜ್ಞರು ದಾಖಲಿಸಿದ್ದಾರೆ, ರುವಾಂಡಾ ಅಲ್ಲಗಳೆಯುತ್ತದೆ. 1994ರಲ್ಲಿ ಕಣ್ಮುಚ್ಚಿ ಕೂತಿದ್ದ ಪಶ್ಚಿಮದ ದೇಶಗಳು ಆ ಪಾಪಪ್ರಜ್ಞೆಗೆ ಮೂರು ದಶಕ ಹಣ ಕೊಟ್ಟವೇ ಹೊರತು ಕೈ ಹಿಡಿದು ಪ್ರಶ್ನೆ ಕೇಳಲಿಲ್ಲ. ದೀರ್ಘಕಾಲ ಉಳಿಯುವುದು ಬೇರೆ, ಕಣ್ಣುಮುಚ್ಚಿ ಉಳಿಯುವುದು ಬೇರೆ.

ಹಣ ಹೇಗೆ ತಲುಪಬೇಕು ಎಂಬ ಪ್ರಶ್ನೆಗೆ ನಮ್ಮ ನೆರೆಯಲ್ಲೇ ಒಳ್ಳೆಯ ಉತ್ತರವಿದೆ, ಅದೂ ನಮ್ಮ ಸರ್ಕಾರದ್ದೇ. 2009ರ ಮೇನಲ್ಲಿ ಶ್ರೀಲಂಕಾದ ಯುದ್ಧ ಮುಗಿದ ಮರುವರ್ಷ ಭಾರತ 50,000 ಮನೆಗಳ ನೆರವು ಘೋಷಿಸಿತು. ಮೊದಲ 1,000 ಮನೆಗಳನ್ನು ಪ್ರಾಯೋಗಿಕವಾಗಿ ಗುತ್ತಿಗೆದಾರರಿಂದ ಕಟ್ಟಿಸಿದರು. 2012ರ ಅಕ್ಟೋಬರ್ 2ರಿಂದ ಶುರುವಾದ 45,000 ಮನೆಗಳಿಗೆ ಪದ್ಧತಿ ಬದಲಾಯಿಸಿದರು: ಮನೆಯವರೇ ಕಟ್ಟಿಕೊಳ್ಳುವುದು, ಹೊಸ ಮನೆಯೊಂದಕ್ಕೆ 5.5 ಲಕ್ಷ ಶ್ರೀಲಂಕಾ ರೂಪಾಯಿ ಕೆಲಸ ಮುಂದುವರಿದಂತೆ ಕಂತಿನಲ್ಲಿ ನೇರ ಬ್ಯಾಂಕ್ ಖಾತೆಗೆ. ನಮಗಿದು ಹೊಸತೇ? ಆಶ್ರಯ ಮನೆ, ಬಸವ ವಸತಿ ಕಂಡವರಿಗೆ ಪಾಯದ ಫೋಟೋ, ಲಿಂಟಲ್ ಫೋಟೋ, ತಾರಸಿ ಫೋಟೋ, ಒಂದೊಂದಕ್ಕೂ ಒಂದು ಬಿಲ್ಲು ಎಲ್ಲ ಗೊತ್ತು. ಬಿಲ್ಲು ತಡವಾಗಿ ಗೋಡೆ ಮಳೆಗೆ ನೆನೆದ ಕಥೆಗಳೂ ಗೊತ್ತು. ಆದರೂ ಗಂಡ ಸತ್ತ, ಮನೆ ಸುಟ್ಟ ಹೆಂಗಸೊಬ್ಬಳು ತನ್ನ ಹೆಸರಿನ ಖಾತೆಗೆ ಬಂದ ಹಣದಲ್ಲಿ ಅಡುಗೆಮನೆಯ ಕಿಟಕಿ ಯಾವ ದಿಕ್ಕಿಗಿರಬೇಕೆಂದು ತಾನೇ ಹೇಳುವುದಕ್ಕೂ, ಹೊರಗಿನ ಕಂಪನಿ ಕಟ್ಟಿಕೊಟ್ಟ ಒಂದೇ ನಮೂನೆಯ ಪೆಟ್ಟಿಗೆಯ ಬೀಗದ ಕೈ ಪಡೆಯುವುದಕ್ಕೂ ವ್ಯತ್ಯಾಸವಿದೆ.

ಉಳಿದ 4,000 ಮನೆಗಳು ಯುದ್ಧ ನಡೆದ ಉತ್ತರದಲ್ಲಲ್ಲ, ಮಧ್ಯದ ಚಹಾ ಬೆಟ್ಟಗಳಲ್ಲಿ, ಲೈನ್ ಮನೆಗಳಲ್ಲೇ ತಲೆಮಾರು ಕಳೆದ ತಮಿಳು ಕೂಲಿಗಳಿಗೆ. ಅವರ ಬಂಧುಗಳು ನಮಗೆ ದೂರದವರಲ್ಲ. ಸಕಲೇಶಪುರದಿಂದ ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯ ದಾಟಿದರೆ ಸುಳ್ಯದ ರಬ್ಬರ್ ತೋಟಗಳಲ್ಲಿ ಅವರ ಮಕ್ಕಳು ಮೊಮ್ಮಕ್ಕಳಿದ್ದಾರೆ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಡಿ 5.25 ಲಕ್ಷ ಜನರನ್ನು ಭಾರತ ವಾಪಸ್ ಪಡೆಯಲು ಒಪ್ಪಿತು. ಹಾಗೆ ಬಂದ ಕೆಲವರಿಗೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದಲ್ಲಿ ಕೆಲಸ ಸಿಕ್ಕಿತು. ಹುಟ್ಟಿದ ದೇಶದಿಂದ ಕಾಣದ ದೇಶಕ್ಕೆ ಕಳಿಸಿದ ಆ ಒಪ್ಪಂದದಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ.

ಬಂದೂಕು ಕೆಳಗಿಟ್ಟವರ ಪ್ರಶ್ನೆ ಬಂದಾಗ ಮಲೆನಾಡಿನವರು ಸುಮ್ಮನೆ ಕೇಳಿಸಿಕೊಳ್ಳುವಂತಿಲ್ಲ. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಮುಂದೆ ಶರಣಾದರು. ಫೆಬ್ರವರಿ ಹೊತ್ತಿಗೆ ಉಳಿದವರೂ ಬಂದು ರಾಜ್ಯ ನಕ್ಸಲ್‌ಮುಕ್ತವೆಂದು ಸರ್ಕಾರ ಹೇಳಿತು. ರಾಜ್ಯದವರಿಗೆ ₹7.5 ಲಕ್ಷದವರೆಗೆ ಪರಿಹಾರ, ಪುನರ್ವಸತಿಯ ಭರವಸೆ. ಕೊಪ್ಪ, ಶೃಂಗೇರಿ, ಮೂಡಿಗೆರೆಯ ಕಾಡಂಚಿನ ಈ ಕಥೆಯನ್ನು ಅಂತರ್ಯುದ್ಧ ಎಂದು ಕರೆದರೆ ತಪ್ಪಾಗುತ್ತದೆ. ಸಂಖ್ಯೆಯಲ್ಲಿ ಅದಕ್ಕೆ ಇದಕ್ಕೆ ಹೋಲಿಕೆಯೇ ಇಲ್ಲ. ಆದರೆ ಇಲ್ಲಿಯೂ ತಾಳಮೇಳ ಅದೇ. ಶರಣಾದ ದಿನ ಹೂಗುಚ್ಛ, ಕ್ಯಾಮೆರಾ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನ ಮನೆಗಳ ಹಕ್ಕುಪತ್ರ, ಒಕ್ಕಲೆಬ್ಬಿಸುವ ಭಯ, ಕಾಲುಸಂಕವಿಲ್ಲದ ಹಳ್ಳ, ಇವು ಹುಡುಗರು ಕಾಡಿಗೆ ಹೋಗುವ ಮೊದಲೂ ಇದ್ದವು.

ಕೊಲಂಬಿಯಾದಲ್ಲಿ ಇದೇ ದೊಡ್ಡ ಪ್ರಮಾಣದಲ್ಲಿ ನಡೆಯಿತು. 2016ರ ನವೆಂಬರ್‌ನಲ್ಲಿ ಫಾರ್ಕ್ ಗೆರಿಲ್ಲಾಗಳ ಜೊತೆ ಒಪ್ಪಂದ. 13,000ಕ್ಕೂ ಹೆಚ್ಚು ಮಂದಿ ಪಟ್ಟಿಗೆ ಸೇರಿದರು. ಅವರಿಗೆ ತಿಂಗಳ ಭತ್ಯೆ ತಕ್ಕಮಟ್ಟಿಗೆ ಬಂತು, ಕೆಲವರು ಕಾಫಿ ಬೆಳೆದು ತಮ್ಮದೇ ಬ್ರ್ಯಾಂಡ್ ಮಾಡಿದರು, ನೂರಾರು ಮಂದಿಯನ್ನು ಒಪ್ಪಂದದ ನಂತರದ ವರ್ಷಗಳಲ್ಲಿ ಕೊಲ್ಲಲಾಯಿತು. ಕೊಕೇನಿನ ಮೂಲವಾದ ಕೋಕಾ ಗಿಡ ಕಿತ್ತು ಬೇರೆ ಬೆಳೆಗೆ ಬರುತ್ತೇವೆಂದು ಸುಮಾರು 99,000 ಕುಟುಂಬಗಳು ಸಹಿ ಹಾಕಿದವು. ಗಿಡ ಕಿತ್ತರು, ಒಂದು ವರ್ಷದ ಆಹಾರ ಭತ್ಯೆ ಪಡೆದರು. ಆಮೇಲೆ ಬರಬೇಕಿದ್ದ ಬೆಳೆ ಯೋಜನೆ, ಸಸಿ, ಮಾರುಕಟ್ಟೆಗೆ ರಸ್ತೆ ಅನೇಕರಿಗೆ ವರ್ಷಗಟ್ಟಲೆ ತಡವಾಯಿತು. ಕೋಕಾ ಕೊಳ್ಳುವವನು ಮಾತ್ರ ಮನೆ ಬಾಗಿಲಿಗೇ ನಗದು ಹಿಡಿದು ಬರುತ್ತಾನೆ. ಕಾಫಿ, ಕೋಕೋ ಚೀಲವನ್ನು ಕೆಸರಿನಲ್ಲಿ ಕತ್ತೆಯ ಮೇಲೆ ಹೇರಿ ದಿನವಿಡೀ ನಡೆಯಬೇಕಾದವನು ಯಾವುದನ್ನು ಮತ್ತೆ ನೆಡುತ್ತಾನೆಂದು ಹೇಳಲು ಅರ್ಥಶಾಸ್ತ್ರಜ್ಞ ಬೇಕಿಲ್ಲ.

ಈಗ ಸಾಲಿನಲ್ಲಿ ನಿಂತಿರುವುದು ಸಿರಿಯಾ. 2024ರ ಡಿಸೆಂಬರ್ 8ರಂದು ಅಧ್ಯಕ್ಷ ಅಸಾದ್ ಓಡಿಹೋದ ಮೇಲೆ ಅಲ್ಲಿನ ಪುನರ್ನಿರ್ಮಾಣಕ್ಕೆ ವಿಶ್ವಬ್ಯಾಂಕಿನ ಅಂದಾಜು 216 ಶತಕೋಟಿ ಡಾಲರ್. ಆದರೆ ಬ್ಯಾಂಕಿಗೆ ಸಿರಿಯಾ ಹಳೆಯ ಬಾಕಿ 15.5 ದಶಲಕ್ಷ ಡಾಲರ್ ಉಳಿಸಿಕೊಂಡಿತ್ತು. ಅದು ತೀರದೆ ಹೊಸ ಹಣವಿಲ್ಲ. ಸೌದಿ ಅರೇಬಿಯಾ, ಕತಾರ್ 2025ರ ಮೇನಲ್ಲಿ ಅದನ್ನು ತೀರಿಸಿದವು. ಯುದ್ಧದಲ್ಲಿ ನೆಲಸಮವಾದ ದೇಶ ಸಹಕಾರ ಸಂಘದ ಸುಸ್ತಿದಾರನಂತೆ ಬಾಗಿಲಲ್ಲಿ ನಿಂತದ್ದು ನೋಡಿದರೆ, ನೆರವು ಎಂಬ ಪದವೇ ಎಷ್ಟು ಉದಾರವೆನಿಸುತ್ತದೆ. ಪಶ್ಚಿಮ ಹಿಂದೆ ಸರಿದ ಜಾಗಕ್ಕೆ ಕೊಲ್ಲಿ ದೇಶಗಳು, ಟರ್ಕಿ, ಚೀನಾ ಬರುತ್ತಿವೆ. ಅವರದು ಹೆಚ್ಚಾಗಿ ಬಂದರು, ವಿದ್ಯುತ್, ವಿಮಾನ ನಿಲ್ದಾಣದ ಹಣ. ಭೂದಾಖಲೆ, ಕೋರ್ಟಿನ ಗುಮಾಸ್ತನಿಗೆ ಅದರಲ್ಲಿ ಬಾಬತ್ತು ಕಡಿಮೆ.

ಭಾರತಕ್ಕೆ ಇದರಲ್ಲಿ ಏನು ಕೆಲಸ? ಸೈನಿಕರನ್ನು ಕಳಿಸುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. 2007ರಲ್ಲಿ ಲೈಬೀರಿಯಾಕ್ಕೆ ಹೋದ ಭಾರತದ ಮಹಿಳಾ ಪೊಲೀಸ್ ತುಕಡಿ ವಿಶ್ವಸಂಸ್ಥೆಯ ಇತಿಹಾಸದಲ್ಲೇ ಮೊದಲನೆಯದು. 2016ರವರೆಗೆ, ಸರದಿಯ ಮೇಲೆ ಬದಲಾಗುತ್ತ, ಅಲ್ಲಿತ್ತು. ಒಂಬತ್ತು ವರ್ಷ! ಈ ಲೇಖನದ ಇಡೀ ವಾದಕ್ಕೆ ಅದೊಂದು ಅಂಕಿ ಸಾಕಿತ್ತೇನೋ. ಆದರೆ ಬಂದೂಕಿಗಿಂತ ಅಗ್ಗದ, ಹೆಚ್ಚು ದಿನ ಬಾಳುವ ಸರಕು ನಮ್ಮ ಜಿಲ್ಲೆಗಳಲ್ಲಿದೆ. ಬಾಳೆಹೊನ್ನೂರಿನ ತಳಿ ವಿಜ್ಞಾನ, ಕಾಫಿ ಬೋರ್ಡಿನ ವಿಸ್ತರಣಾಧಿಕಾರಿ ತೋಟ ತೋಟ ತಿರುಗಿ ಗಿಡ ನೋಡುವ ಪದ್ಧತಿ, ಸಾಲ ಮರುಹೊಂದಾಣಿಕೆಯ ಅನುಭವ, ಹಾಸನದ ಹಾಲು ಒಕ್ಕೂಟದಂತೆ ದಿನಕ್ಕೆರಡು ಸಲ ಹಾಲು ಅಳೆದುಕೊಂಡು ಲೀಟರ್ ಲೆಕ್ಕದಲ್ಲಿ ಹಳ್ಳಿಗೆ ದುಡ್ಡು ಹಂಚುವ ಸಹಕಾರಿ ಯಂತ್ರ. 1964ರಿಂದ ನಡೆಯುತ್ತಿರುವ ಐಟೆಕ್ ತರಬೇತಿ ಯೋಜನೆಯಲ್ಲಿ ಬೇರೆ ದೇಶದ ನೌಕರರು ಇಲ್ಲಿಗೆ ಬಂದು ಕೆಲವು ವಾರ ಕಲಿತು ಹೋಗುತ್ತಾರೆ. ಕೆಲವು ವಾರ ಸಾಲದು. ಬುರುಂಡಿಯಿಂದಲೋ ತಿಮೋರ್‌ನಿಂದಲೋ ಬಂದ ಹುಡುಗ ಒಂದು ಹೂಮಳೆಯಿಂದ ಮುಂದಿನ ಕೊಯ್ಲಿನವರೆಗೆ ಇಲ್ಲಿರಬೇಕು, ಅವನ ಹಿಂದೆ ನಮ್ಮವನೊಬ್ಬ ಅಲ್ಲಿಗೆ ಹೋಗಿ ಏಳು ವರ್ಷ ಇರಬೇಕು. ಒಂದು ಬೆಟಾಲಿಯನ್ ಸಾಕುವ ಖರ್ಚಿನಲ್ಲಿ ಅದು ಚಿಲ್ಲರೆ.

ಇದನ್ನೆಲ್ಲ ಗೌಡರಿಗೆ ಹೇಳಿದೆ. ಕಣದಲ್ಲಿ ಪಾರ್ಚ್‌ಮೆಂಟ್ ಹರವುತ್ತಿದ್ದವರು ತಲೆ ಎತ್ತದೆ, "ಏಳು ವರ್ಷ ಅಲ್ಲಿರೋಕೆ ಯಾರ ಮನೆ ಹುಡುಗನ್ನ ಕಳಿಸ್ತೀರಿ? ಇಲ್ಲಿ ತೋಟಕ್ಕೇ ಒಬ್ಬರೂ ಉಳಿದಿಲ್ಲ" ಎಂದರು. ಆ ಕೊಯ್ಲಿಗೆ ಅವರ ತೋಟದಲ್ಲಿ ಹಣ್ಣು ಬಿಡಿಸುತ್ತಿದ್ದವರು ಅಸ್ಸಾಮಿನವರು.